ಗ್ರೀಸು ಹಚ್ಚದ ಗಾಳಿಯಂತ್ರ

ಕಿರ್ರೆಂದು ಎಳೆಯುವುದು, ಅರೆಗಳಿಗೆ ತಡೆಯುವುದು, ಟಿಕ್ಕೆಂದು ಮುಗಿಯುವುದು. ಪೋಸೊ ಸಲಾದೊ ಎಂಬ ಒಂಟಿ ಮನೆಯ, ಬಾವಿಯಿಂದ ನೀರೆತ್ತುವ ಗಾಳಿಯಂತ್ರದ ಸದ್ದು ಇಷ್ಟೇ. ಗಾಳಿ ಇರುವಷ್ಟು ಹೊತ್ತೂ ಅದು ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಗಾಳಿ ಇಲ್ಲದ ಹೊತ್ತು ಕಡಿಮೆ. ಆ ಟಿಕ್ ಆದ ಮರುಗಳಿಗೆಯಲ್ಲಿ ಮನೆಯ ಸೂರಿನ ಕೆಳಗೆ ತೂಗುವ ಪಂಜರದಿಂದ ಉತ್ತರ ಬರುತ್ತಿತ್ತು. ಮೂರು ದುಂಡನೆಯ ಸಿಳ್ಳೆ, ಆಮೇಲೊಂದು ಇಳಿಜಾರು, ಕೊನೆಯಲ್ಲಿ ಪ್ರಶ್ನೆ ಕೇಳಿದಂತೆ ಒಂದು ಏರು. ಯಂತ್ರ ಮತ್ತೆ ಕಿರ್ರೆನ್ನುವುದು. ಹಕ್ಕಿ ಮತ್ತೆ ಉತ್ತರ ಕೊಡುವುದು. ಹೊತ್ತು ಏರುವವರೆಗೂ ಇಬ್ಬರೂ ಸೋಲುತ್ತಿರಲಿಲ್ಲ.

ಅಲ್ಲಿಯ ದನ ಕಾಯುವ ಎಲ್ಪೀದಿಯೊ ಆ ಯಂತ್ರಕ್ಕೆ ಗ್ರೀಸು ಹಚ್ಚಿ ಎರಡು ವರ್ಷ ದಾಟಿತ್ತು.

ದನದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಯಂತ್ರ ಕೆಟ್ಟು ನಿಂತರೆ ತೊಟ್ಟಿಗೆ ನೀರಿಲ್ಲ, ತೊಟ್ಟಿ ಒಣಗಿದರೆ ನಾಲ್ಕನೆಯ ದಿನಕ್ಕೆ ದನವಿಲ್ಲ. ಗಾಳಿಯಂತ್ರವನ್ನು ಕಿರುಗುಟ್ಟಲು ಬಿಟ್ಟ ಕಾವಲುಗಾರನನ್ನು ನಮ್ಮಲ್ಲಿ ಹೆಂಡತಿಗೆ ಹೊಡೆಯುವವನ ಸಾಲಿಗೆ ಸೇರಿಸಿ ಮಾತಾಡುತ್ತಾರೆ. ಆ ಹುಲ್ಲುಗಾವಲನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರ್ ಬಾಸ್ಕೊ ತಿಂಗಳಿಗೊಮ್ಮೆ ಕುದುರೆ ಮೇಲೆ ಬಂದವನು ಇಳಿಯುವ ಮೊದಲೇ ಶುರು ಮಾಡುತ್ತಿದ್ದ.

“ಏನಯ್ಯಾ ಎಲ್ಪೀದಿಯೊ, ನಿನ್ನ ಯಂತ್ರ ಅಳೋದು ಹೆದ್ದಾರಿ ತನಕ ಕೇಳ್ತದೆ. ಗ್ರೀಸು ಡಬ್ಬ ಕಳಿಸಿದ್ನಲ್ಲ, ರೊಟ್ಟಿಗೆ ಸವರ್ಕೊಂಡು ತಿಂದ್ಯಾ?”

“ಇಟ್ಟಿದೀನಿ ಬಾಸ್ಕೊ. ಏಣಿ ಹತ್ತೋಕೆ ಮಂಡಿ ಬಿಡಲ್ಲ.”

“ಕೆಟ್ಟಿರೋದು ನಿನ್ನ ಮಂಡಿ ಅಲ್ಲ.”

“ಗೊತ್ತು. ಮೇಲಿನ ತಲೆ.”

ಆ ದಿನ ನಾನು ಅಲ್ಲೇ ಇದ್ದೆ. ಬೆಳಿಗ್ಗೆಯಷ್ಟೇ ಅವನು ಅದೇ ಏಣಿ ಹತ್ತಿ ಯಂತ್ರದ ತಗಡಿನ ಬಾಲದಲ್ಲಿ ಕಟ್ಟಿದ್ದ ಕಣಜದ ಗೂಡನ್ನು ಕೆಡವಿ ಬಂದಿದ್ದ. ನನ್ನ ಕಡೆ ನೋಡಿದ. ನಾನು ಪಿಕಪ್ಪಿನಿಂದ ಹಿಟ್ಟಿನ ಮೂಟೆ ಇಳಿಸಲು ಹೋದೆ.

ಹೆದ್ದಾರಿ ಕವಲೊಡೆಯುವಲ್ಲಿ ನಮ್ಮ ಅಂಗಡಿ. ಹದಿನೈದು ದಿನಕ್ಕೊಮ್ಮೆ ಪಿಕಪ್ಪಿನಲ್ಲಿ ಒಳಗಿನ ಒಂಟಿ ಮನೆಗಳಿಗೆಲ್ಲ ಹಿಟ್ಟು, ಹೊಗೆಸೊಪ್ಪು, ಚಹಾದ ಹಾಗೆ ಕುಡಿಯುವ ಯೆರ್ಬಾ ಸೊಪ್ಪು ಮುಟ್ಟಿಸಿ ಬರುವುದು ನನ್ನ ಕೆಲಸ. ಎಲ್ಪೀದಿಯೊ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ನನ್ನ ಮಗಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದವನು ಅವನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಆ ನಂಟು ಬೆಳೆದ ಮೇಲೆ ಏಕವಚನ ಸಲ್ಲದು. ಎದುರಿಗೆ ‘ನೀವು’ ಎಂದೇ ಮಾತಾಡುತ್ತಿದ್ದೆವು. ಅವನನ್ನು ನೆನೆಯುವಾಗ ಮಾತ್ರ ನನಗೆ ಬೆಂಚಿನ ಕಾಲದ ಏಕವಚನವೇ ಬರುತ್ತದೆ.

ಪಂಜರದ ಹಕ್ಕಿಗೆ ಅವನು ಇಟ್ಟ ಹೆಸರು ಪಯಾದೋರ್. ಗಿಟಾರು ಹಿಡಿದು ಇನ್ನೊಬ್ಬ ಹಾಡುಗಾರನ ಎದುರು ಕೂತು, ಅವನು ಕಟ್ಟಿದ ಪದಕ್ಕೆ ಅಲ್ಲೇ ಪದ ಕಟ್ಟಿ ಉತ್ತರ ಕೊಡುವವನನ್ನು ನಾವು ಹಾಗೆ ಕರೆಯುತ್ತೇವೆ. ಎದುರಾಳಿ ಇಲ್ಲದೆ ಪಯಾದೋರ್ ಇಲ್ಲ. ಹಕ್ಕಿಗೂ ಅಷ್ಟೇ. ಅದು ಹಳದಿ ಕಾರ್ದೆನಾಲ್, ಗಂಡು. ಎದೆ, ಹುಬ್ಬು, ಕೆನ್ನೆ ಅರಿಸಿನದ ಬಣ್ಣ. ಬೆನ್ನು ಬಾಡಿದ ಹುಲ್ಲಿನಂಥ ಹಸಿರು. ಗಂಟಲಲ್ಲಿ ಒಂದು ಕಪ್ಪು ಮಚ್ಚೆ. ತಲೆಯ ಮೇಲೆ ಸಿಟ್ಟು ಬಂದಾಗ ನೆಟ್ಟಗಾಗುವ ಕರಿ ಜುಟ್ಟು. ಹಿಡಿಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ, ಎದೆಯ ಬಡಿತವಷ್ಟೇ ಗೊತ್ತಾಗುತ್ತದೆ.

ನಮ್ಮ ಕಾಲ್ದೆನ್ ಮರಗಳ ಕಾಡಿನಲ್ಲಿ ಈ ಹಕ್ಕಿ ಒಂದು ಕಾಲಕ್ಕೆ ಗುಬ್ಬಿಯಷ್ಟು ಸಾಮಾನ್ಯವಾಗಿತ್ತು. ಪ್ರತಿ ಗಂಡಿಗೂ ತನ್ನದೇ ಒಂದು ಮುಳ್ಳುಮರ, ಅದರ ಸುತ್ತ ಒಂದಿಷ್ಟು ನೆಲ. ಬೆಳಗಾದರೆ ತುದಿಕೊಂಬೆಗೆ ಏರಿ ಹಾಡುವುದು. ಪಕ್ಕದ ಮರದವನು ಉತ್ತರಿಸುವನು, ಅವನ ಪಕ್ಕದವನು ಅವನಿಗೆ. ಹಾಗೆ ಒಂದು ಹಾಡು ಬೆಟ್ಟದ ಮಗ್ಗುಲಿನಿಂದ ಉಪ್ಪಿನ ಕೆರೆಯವರೆಗೆ ಹೋಗಿ ಮುಟ್ಟುತ್ತಿತ್ತು. ಶಾಲೆಗೆ ಹೋಗುವಾಗ ನಾವು ಆ ಹಾಡಿನ ಕೆಳಗೇ ನಡೆದು ಹೋಗುತ್ತಿದ್ದೆವು.

ಇಪ್ಪತ್ತೆರಡಕ್ಕೆ ಮದುವೆಯಾಗಿ ಎಲ್ಪೀದಿಯೊ ಎದೆಲ್ಮಿರಾಳನ್ನು ಕರೆದುಕೊಂಡು ಪೋಸೊ ಸಲಾದೊಗೆ ಬಂದ. ಎರಡು ಕೋಣೆ, ಒಂದು ಬಾವಿ, ಆ ಯಂತ್ರ, ನಾನೂರು ದನ. ಅದೇ ವರ್ಷ ಅವನು ಹಕ್ಕಿ ಹಿಡಿಯಲು ಕಲಿತ. ಅವನೊಬ್ಬನೇ ಅಲ್ಲ. ಒಳಗಿನ ಮನೆಗಳವರೆಲ್ಲ ಹಿಡಿಯುತ್ತಿದ್ದರು. ಪಟ್ಟಣದಿಂದ ವ್ಯಾನು ಬರುವವರೆಗೆ ಆ ಹಕ್ಕಿಗಳು ಇರುತ್ತಿದ್ದುದು ನನ್ನ ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವಕ್ಕೆ ನೀರು ಹಾಕುತ್ತಿದ್ದವಳು ನಾನು.

ಹಿಡಿಯುವ ಬಗೆ ಸುಲಭ. ಎರಡು ಅಂತಸ್ತಿನ ಒಂದು ಪಂಜರ. ಕೆಳಗೆ ದೀಮದ ಹಕ್ಕಿ, ಎಂದರೆ ಕಾಡಿನವನನ್ನು ಕೆಣಕಿ ಕರೆಯಲು ಸಾಕಿದ ಒಂದು ಗಂಡು. ಮೇಲಿನ ಅಂತಸ್ತಿಗೆ ಮುಟ್ಟಿದರೆ ಬೀಳುವ ಬಾಗಿಲು. ಇದನ್ನು ಯಾವುದಾದರೂ ಗಂಡಿನ ಮರಕ್ಕೆ ತೂಗುಹಾಕಿ ದೂರ ಹೋಗಿ ಕೂತರೆ ಸಾಕು. ತನ್ನ ಮರದಲ್ಲಿ ಇನ್ನೊಬ್ಬ ಹಾಡುವುದನ್ನು ಕಾರ್ದೆನಾಲ್ ಗಂಡು ತಡೆಯುವುದಿಲ್ಲ. ಜುಟ್ಟು ಎಬ್ಬಿಸಿಕೊಂಡು ಜಗಳಕ್ಕೆ ಬರುತ್ತದೆ. ಬಾಗಿಲು ಬೀಳುತ್ತದೆ. ಒಂದು ಮರ ಮುಗಿಯಿತು, ಮುಂದಿನ ಮರ.

ಒಮ್ಮೊಮ್ಮೆ ಗಂಡಿನ ಬೆನ್ನಿಗೇ ಹೆಣ್ಣೂ ಬಂದು ಸಿಕ್ಕಿಬೀಳುವುದಿತ್ತು. ಹೆಣ್ಣಿನದು ಬೂದು ಎದೆ, ಬಿಳಿ ಕೆನ್ನೆ. ಹಾಡು ಬರುವುದಿಲ್ಲ, ಕೊಳ್ಳುವವರಿಲ್ಲ. ಅದನ್ನು ಬಿಡಿಸುವುದು ಎದೆಲ್ಮಿರಾಳ ಕೆಲಸ. ಎರಡೂ ಕೈಯಲ್ಲಿ ಹಿಡಿದು, ರೆಕ್ಕೆ ಊನವಾಗಿದೆಯೇ ಎಂದು ಬಿಡಿಸಿ ನೋಡಿ, ನೆತ್ತಿಯ ಮೇಲೆ ಉಸಿರು ಊದಿ ಹಾರಿಬಿಡುತ್ತಿದ್ದಳು.

“ಹೋಗು ತಾಯಿ, ಹೋಗಿ ಮರಿ ಮಾಡು.”

ನಮ್ಮಲ್ಲಿ ಯಾರೂ ಹೆಣ್ಣು ಹಕ್ಕಿಯನ್ನು ಮಾರುತ್ತಿರಲಿಲ್ಲ. ನಾವು ದನದವರು. ಹೋರಿಗರು ಮಾರಾಟಕ್ಕೆ, ಹಸು ಮನೆಗೆ. ಹಸು ಉಳಿದರೆ ಮಂದೆ ಉಳಿಯಿತು ಎಂಬುದು ನಾವು ನಡೆಯಲು ಕಲಿಯುವ ಮೊದಲೇ ಕಲಿತ ಪಾಠ. ಇಡೀ ಮಂದೆಗೆ ಒಂದು ಒಳ್ಳೆಯ ಹೋರಿ ಸಾಕಲ್ಲವೇ. ಭಾನುವಾರ ಅಂಗಡಿಯ ಹಿಂದೆ ಮೇಕೆ ಸುಡುವಾಗ, ಪಕ್ಕದ ಸೀಮೆಯವರು ಗಂಡು ಹೆಣ್ಣು ನೋಡದೆ ಹಿಡಿಯುತ್ತಾರೆ ಎಂಬ ಮಾತು ಬಂದರೆ ಎಲ್ಪೀದಿಯೊ ಕಿಡಿಕಾರುತ್ತಿದ್ದ.

“ಅವರು ಕಳ್ಳರು ಕಣ್ರೋ. ನಾವು ಬೀಜ ಬಿಟ್ಟು ತೆಗೆಯೋರು. ನನ್ನ ಮನೆ ಬಾಗಿಲಿಂದ ಒಂದು ಹೆಣ್ಣು ಹೊರಗೆ ಹೋಗಿದ್ರೆ ತೋರಿಸಿ ನೋಡೋಣ.”

ಎಲ್ಲರೂ ಹೌದೆಂದರು. ನಾನೂ ಹೌದೆಂದೆ.

ವರ್ಷಗಳು ಹೋದವು. ಪಂಜರ ಕಟ್ಟಿ ಒಂದು ಗಂಟೆ ಕಾಯುತ್ತಿದ್ದವನು ಅರ್ಧ ದಿನ ಕಾದ, ಆಮೇಲೆ ಇಡೀ ದಿನ. ಹಕ್ಕಿಗಳು ಪಶ್ಚಿಮಕ್ಕೆ ಸರಿದಿವೆ ಎಂದರು ಒಬ್ಬರು. ಕಾಡಿಗೆ ಬೆಂಕಿ ಬಿದ್ದ ವರ್ಷದಿಂದ ಹೀಗೆ ಎಂದರು ಇನ್ನೊಬ್ಬರು. ಪಯಾದೋರ್ ಅವನು ಹಿಡಿದ ಕೊನೆಯ ಗಂಡು. ಯಂತ್ರದ ಹಿಂದಿನ ಮುದಿ ಕಾಲ್ದೆನ್ ಮರದಲ್ಲೇ ಸಿಕ್ಕಿದ್ದು, ಇನ್ನೂ ಹಳದಿ ಪೂರ್ತಿ ತುಂಬಿರದ ಎಳೆಯದು. ದೀಮಕ್ಕೆ ಒಳ್ಳೆಯದೆಂದು ಮಾರದೆ ಇಟ್ಟುಕೊಂಡ. ಮುಂದಿನ ವಸಂತದಲ್ಲಿ ಅದನ್ನು ಹೊತ್ತು ಮರದಿಂದ ಮರಕ್ಕೆ ತಿರುಗಿದ. ಅದು ಹಾಡಿತು. ಯಾರೂ ಜಗಳಕ್ಕೆ ಬರಲಿಲ್ಲ. ಅದರ ಮುಂದಿನ ವಸಂತದಲ್ಲಿ ಅದೂ ಹಾಡುವುದನ್ನು ಬಿಟ್ಟಿತು.

ಹಕ್ಕಿ ಹಿಡಿಯಬಾರದೆಂಬ ಕಾನೂನು ನಮಗೆ ಗೊತ್ತಾದದ್ದು ಅದಾಗಿ ಎಷ್ಟೋ ದಿನಕ್ಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಮ್ಮ ಕಡೆ ಜುಲೈ ಎಂದರೆ ನಡುಚಳಿಗಾಲ, ಅಕ್ಟೋಬರ್ ಎಂದರೆ ವಸಂತ. ಎದೆಲ್ಮಿರಾ ಒಂದು ಜುಲೈ ಚಳಿಯಲ್ಲಿ ಎದೆನೋವೆಂದು ಮಲಗಿದವಳು ಏಳಲಿಲ್ಲ. ಮಕ್ಕಳಿರಲಿಲ್ಲ. ಅವನು ಮತ್ತು ಮೂಕ ಹಕ್ಕಿ ಉಳಿದರು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನಿಜಕ್ಕೂ ಅವನ ಮಂಡಿ ಊದಿತ್ತು. ಏಣಿ ಹತ್ತಲಾಗಲಿಲ್ಲ. ಯಂತ್ರ ಕಿರ್ರೆನ್ನಲು ಶುರುವಾಯಿತು. ಆಗಸ್ಟಿನ ಒಂದು ಬೆಳಿಗ್ಗೆ ನಾನು ಹೋದಾಗ ಅವನು ಬಾಗಿಲಲ್ಲೇ ಬೆರಳು ತುಟಿಗಿಟ್ಟು ನಿಲ್ಲಿಸಿದ.

“ಕೊಮಾದ್ರೆ, ಕೇಳಿ.”

ಕಿರ್ರ್, ಟಿಕ್. ಪಂಜರದಲ್ಲಿ ಜುಟ್ಟು ಎದ್ದಿತು. ಒಂಬತ್ತು ವರ್ಷದ ಮೇಲೆ ಆ ಹಾಡು ಕೇಳಿದೆ.

“ತಗಡಿನ ಜೊತೆ ಜಗಳಕ್ಕೆ ಬಿದ್ದವ್ನೆ, ಪೆದ್ದ,” ಎಂದ ಎಲ್ಪೀದಿಯೊ. ಕಣ್ಣು ತುಂಬಿಕೊಂಡಿತ್ತು. “ಗಂಡು ಅಂದ್ಕೊಂಡವ್ನೆ.”

ಅಕ್ಟೋಬರಿನಲ್ಲಿ ಆ ಹಾಡಿಗೆ ಒಂದು ಹೆಣ್ಣು ಬಂತು.

ಎಲ್ಲಿಂದ ಬಂತೋ. ತೊಟ್ಟಿಯ ಬೇಲಿಗೂಟದ ಮೇಲೆ ಕೂತು ಪಂಜರದ ಕಡೆ ನೋಡುತ್ತಿತ್ತು. ಬೂದು ಎದೆ, ಬಿಳಿ ಕೆನ್ನೆ. ಆ ವಸಂತವೆಲ್ಲ ಬೆಳಿಗ್ಗೆ ಬಂದು ಕೇಳುವುದು, ಹೋಗುವುದು. ಮಂಡಿ ವಾಸಿಯಾಯಿತು, ಅವನು ಗ್ರೀಸು ಡಬ್ಬದ ಮುಚ್ಚಳ ತೆಗೆಯಲಿಲ್ಲ. ಕಿರುಗುಟ್ಟದಿದ್ದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಅವಳಿಲ್ಲ. ಬಾಸ್ಕೊ ಏನಾದರೂ ಬೈದುಕೊಳ್ಳಲಿ.

“ಬಾಗಿಲು ತೆಗೀಬಾರ್ದಾ ಕೊಂಪಾದ್ರೆ?” ಎಂದೆ ನಾನು ಒಮ್ಮೆ.

“ಹಾರೋದು ಮರೆತ ರೆಕ್ಕೆ ಅದು. ಗಿಡುಗ ಎತ್ಕೊಂಡು ಹೋದ್ರೆ? ಇರೋದು ಇವನೊಬ್ಬ.” ಬೇಲಿಗೂಟದ ಕಡೆ ನೋಡುತ್ತ ಹೇಳಿದ: “ನಂಗೆ ಒಂದೇ ಒಂದು ಗೂಡು ನೋಡ್ಬೇಕು ಕೊಮಾದ್ರೆ. ಈ ಕಾಡಲ್ಲಿ, ಹಳದೀದು. ಒಂದು ನೋಡಿ ಸತ್ರೆ ಆಯ್ತು.”

ಬಾಗಿಲು ತೆಗೆಯಲು ಹೆದರಿ ಒಂದು ವರ್ಷ ಕಳೆದ. ಮುಂದಿನ ವಸಂತದಲ್ಲಿ ಗೂಡು ನೋಡಿದ. ಪಂಜರದಿಂದ ಮೂವತ್ತು ಹೆಜ್ಜೆ ದೂರದ ಮುಳ್ಳುಪೊದೆಯಲ್ಲಿ, ನಾರು, ಹುಲ್ಲು, ಕುದುರೆ ಬಾಲದ ಕೂದಲು ಸೇರಿಸಿ ಅವಳೇ ಕಟ್ಟಿದ ಬಟ್ಟಲು. ಆದರೆ ಕೊಕ್ಕಿನಲ್ಲಿ ಹುಳ ಹಿಡಿದು ಬರುತ್ತಿದ್ದುದು ದಿಯುಕಾ, ನಮ್ಮ ಅಂಗಳದಲ್ಲೆಲ್ಲ ತಿರುಗುವ ಬೂದು ಬಣ್ಣದ ಬೇರೆ ಜಾತಿಯ ಹಕ್ಕಿ. ಮೂರು ಮರಿ ಎದ್ದವು. ಬೂದು ಮೈ, ತಲೆಯ ಮೇಲೆ ಅರ್ಧಕ್ಕೆ ನಿಂತ ಜುಟ್ಟು. ಎಲ್ಪೀದಿಯೊ ಆ ಪೊದೆಯ ಕಡೆ ಹೋಗುವುದನ್ನು ಬಿಟ್ಟ.

ಆ ಬೇಸಿಗೆಯಲ್ಲಿ ಮೆಲಿನಾ ಷ್ವಾಬ್ ನಮ್ಮ ಅಂಗಡಿಗೆ ಬಂದಳು. ಸಾಂತಾ ರೋಸಾದವಳು, ಹಕ್ಕಿ ಓದಿದವಳು, ಚೀಲದ ತುಂಬ ಹಕ್ಕಿಯ ಕಾಲಿಗೆ ಹಾಕುವ ಬಣ್ಣಬಣ್ಣದ ಉಂಗುರ. ಜುಟ್ಟಿರುವ ಬೂದು ಹಕ್ಕಿ ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದಳು. ನಾನೇ ಕರೆದುಕೊಂಡು ಹೋದೆ.

ಎಲ್ಪೀದಿಯೊ ಪಂಜರವನ್ನು ಒಳಗೆ ಬಚ್ಚಿಟ್ಟು ಬಂದು ಸೋರೆಬುರುಡೆಗೆ ಯೆರ್ಬಾ ತುಂಬಿ ಬಿಸಿನೀರು ಹಾಕಿ ಕೊಟ್ಟ. ಅವಳು ಕೊಳವೆಯಲ್ಲಿ ಹೀರಿ, ಬುರುಡೆಯನ್ನು ಹಿಂದಕ್ಕೆ ಕೊಟ್ಟಳು.

“ಉಪಕಾರ ಆಯ್ತು ಅನ್ಲಿಲ್ವಲ್ಲ ಮಗಳೇ. ಹಾಗಾದ್ರೆ ಇನ್ನೊಂದು ಸುತ್ತು ಕೂತಿರ್ತೀಯ.”

“ಕೆಟಲ್ ಖಾಲಿ ಆಗೋ ತನಕ ಕೂತಿರ್ತೀನಿ, ದೊನ್ ಎಲ್ಪೀದಿಯೊ. ಅಜ್ಜಿ ಹೇಳ್ಕೊಟ್ಟಿದಾರೆ, ಆ ಮಾತು ಅಂದ್ರೆ ಸಾಕು ಅಂತ ಅರ್ಥ, ಅಂದ್ಮೇಲೆ ಯಾರೂ ಕೊಡಲ್ಲ ಅಂತ.”

ಅಷ್ಟರಲ್ಲಿ ಯಂತ್ರ ಕಿರ್ರೆಂದಿತು. ಒಳಗಿನ ಕೋಣೆಯಿಂದ, ಮಂಚದ ಕೆಳಗಿನಿಂದ, ಪಯಾದೋರ್ ಉತ್ತರ ಕೊಟ್ಟಿತು.

ಎಲ್ಪೀದಿಯೊ ಕೆಟಲ್‌ನ ಮುಚ್ಚಳ ಸರಿಮಾಡಿದ.

“ನಿಮ್ಮ ಮಂಚಕ್ಕೆ ಒಳ್ಳೆ ಕಂಠ ಇದೆ,” ಎಂದಳು ಮೆಲಿನಾ.

ಅವನು ಎದ್ದು ಹೋಗಿ ಪಂಜರ ತಂದು ಅವಳ ಮುಂದಿಟ್ಟ. ಅವಳು ಬೈಯಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಅವನು ಆ ಮೂರು ಮರಿಗಳ ಬಗ್ಗೆ ಕೇಳಿದ. ಹೆಣ್ಣುಗಳನ್ನೆಲ್ಲ ಬಿಟ್ಟುಬಿಡುತ್ತಿದ್ದೆವು, ಒಂದನ್ನೂ ಮಾರಿಲ್ಲ, ಹಾಗಿದ್ದೂ ತಳಿ ಯಾಕೆ ಕೆಟ್ಟಿತು ಎಂದು ಕೇಳಿದ. ಕೇಳುವಾಗ ಅವನ ದನಿಯಲ್ಲಿ ಇನ್ನೂ ಸ್ವಲ್ಪ ಜಂಬವಿತ್ತು.

“ಇವು ಹೋರಿ ಹಸು ಅಲ್ಲ,” ಎಂದಳು ಅವಳು ಮೆಲ್ಲಗೆ. “ಒಂದು ಗಂಡಿಗೆ ಒಂದೇ ಹೆಣ್ಣು. ಮರಿ ಬದುಕ್ಬೇಕಾದ್ರೆ ಇಬ್ರೂ ಉಣಿಸ್ಬೇಕು. ಹೆಣ್ಣಿನ ಗಂಡನ್ನ ತೆಗೆದ್ರೆ ಅದು ಇನ್ನೊಂದು ಗಂಡು ಇರೋ ಜಾಗ ಹುಡುಕ್ತದೆ. ಅಲ್ಲೂ ಇಲ್ದಿದ್ರೆ ಒಂಟಿ ಇರ್ತದೆ. ಇಲ್ಲಾ ದಿಯುಕಾ ಜೊತೆ.”

“ಎದೆಲ್ಮಿರಾ ಬಿಟ್ಟಿದ್ದು? ಅಷ್ಟೂ?”

ಅವಳು ಹೌದೆಂಬಂತೆ ತಲೆಯಾಡಿಸಿದಳು.

“ಹಾಗಾದ್ರೆ ನಾವು ಬೀಜ ಬಿಡ್ತಿರ್ಲಿಲ್ಲ,” ಎಂದ ಎಲ್ಪೀದಿಯೊ. “ವಿಧವೆಯರನ್ನ ಬಿಡ್ತಿದ್ವಿ.”

ಕೆಟಲ್ ಆರಿಹೋಗುವವರೆಗೂ ಯಾರೂ ಇನ್ನೊಂದು ಸುತ್ತು ಸುರಿಯಲಿಲ್ಲ.

ಅವಳ ಯೋಜನೆ ಹೀಗಿತ್ತು. ಪಯಾದೋರನ್ನು ಸಾಂತಾ ರೋಸಾ ಊರಾಚೆಯ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಒಯ್ಯುವುದು, ದೊಡ್ಡ ಬಲೆಮನೆಯಲ್ಲಿ ಬಿಟ್ಟು ರೆಕ್ಕೆಗೆ ಬಲ ಬರುವಂತೆ ಹಾರಿಸುವುದು, ರೋಗವಿಲ್ಲವೆಂದು ಖಾತ್ರಿ ಮಾಡಿ ಅಕ್ಟೋಬರಿಗೆ ಇಲ್ಲೇ ತಂದು ಬಿಡುವುದು. ಬೇರೆ ಕಾಡಿನ ಗಂಡು ತರಬಹುದು, ಆದರೆ ಒಂದೊಂದು ಕಾಡಿಗೆ ಒಂದೊಂದು ಹಾಡು. ಇಲ್ಲಿಯ ಹೆಣ್ಣು ಪರರ ಹಾಡಿಗೆ ಕಿವಿಗೊಡುವುದು ಅನುಮಾನ. ಇವನ ಹಾಡು ಇಲ್ಲಿಯದೇ. ಬಹುಶಃ ಇವನಷ್ಟೇ ಈ ಹಾಡು ಬಲ್ಲವನು.

“ಇವನಿಗೆ ವಯಸ್ಸಾಯ್ತು,” ಎಂದ ಅವನು.

“ಆಯ್ತು. ಬದುಕ್ತಾನೆ ಅಂತ ನಾನು ಮಾತು ಕೊಡಲ್ಲ.”

ಏಪ್ರಿಲ್‌ನಲ್ಲಿ ಅವನೇ ಪಂಜರಕ್ಕೆ ಕಂಬಳಿ ಸುತ್ತಿ ಅವಳ ಜೀಪಿನಲ್ಲಿಟ್ಟ. ಆ ಚಳಿಗಾಲವೆಲ್ಲ ನಾನು ಹೋದಾಗ ಯಂತ್ರ ಕಿರ್ರೆಂದು, ಟಿಕ್ಕೆಂದು, ಉತ್ತರಕ್ಕೆ ಕಾಯುತ್ತಿದ್ದಂತೆ ಕೇಳುತ್ತಿತ್ತು. ಅವನು ಸೂರಿನ ಕೆಳಗೆ ಖಾಲಿ ಮೊಳೆಗೆ ಬೆನ್ನು ಹಾಕಿ ಕೂರುತ್ತಿದ್ದ.

ಅಕ್ಟೋಬರ್ ಮೂರನೆಯ ವಾರ ಮೆಲಿನಾ ಹಕ್ಕಿಯನ್ನು ತಂದಳು. ಕಾಲಿಗೊಂದು ನೀಲಿ ಉಂಗುರ. ಮೈ ಗಟ್ಟಿಯಾಗಿತ್ತು, ಹಳದಿ ಮಿಂಚುತ್ತಿತ್ತು. ಎರಡು ದಿನ ಮುದಿ ಕಾಲ್ದೆನ್‌ನ ಕೆಳಗೆ ದೊಡ್ಡ ಪಂಜರದಲ್ಲಿಟ್ಟು ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರು. ತೆರೆದವನು ಎಲ್ಪೀದಿಯೊ. ಎದೆಲ್ಮಿರಾ ಮಾಡುತ್ತಿದ್ದ ಹಾಗೆ ಬಾಗಿ ಏನೋ ಗೊಣಗಿದ, ನನಗೆ ಕೇಳಿಸಲಿಲ್ಲ. ಹೆಣ್ಣು ಆಗಲೇ ಬೇಲಿಗೂಟದ ಮೇಲಿತ್ತು. ದಿಯುಕಾ ಆ ಬೆಳಿಗ್ಗೆ ಸುತ್ತಮುತ್ತ ಕಾಣಲಿಲ್ಲ.

ಪಯಾದೋರ್ ಹೊರಗೆ ಬಂದಿತು. ನೆಲದ ಮೇಲೆ ಎರಡು ಸಲ ಜಿಗಿಯಿತು. ಆಮೇಲೆ ನೆಟ್ಟಗೆ, ಬಾಣದ ಹಾಗೆ, ಹೆಣ್ಣು ಕೂತಿದ್ದ ಗೂಟದ ಮೇಲಿಂದಲೇ ಹಾರಿ ಯಂತ್ರದ ಬಾಲಕ್ಕೆ ಹೋಗಿ ಕೂತು ಜುಟ್ಟು ಎಬ್ಬಿಸಿತು.

ಕಿರ್ರ್, ಟಿಕ್. ಹಾಡು. ಕಿರ್ರ್, ಟಿಕ್. ಹಾಡು. ತಗಡನ್ನು ಕುಕ್ಕಿತು. ರೆಕ್ಕೆ ಹರಡಿ ತಿರುಗುವ ಚಕ್ರದ ಮೇಲೆ ಎರಗಿ, ಏಟು ತಪ್ಪಿಸಿಕೊಂಡು, ಮತ್ತೆ ಬಾಲಕ್ಕೆ ಬಂತು. ಇಡೀ ದಿನ ಅದೇ. ಹೆಣ್ಣು ಎರಡು ಸಲ ಹತ್ತಿರ ಹಾರಿ ನೋಡಿತು. ಜಗಳದಲ್ಲಿರುವ ಗಂಡು ಅತ್ತ ತಿರುಗಲಿಲ್ಲ.

“ಯಂತ್ರ ನಿಲ್ಸಿಬಿಡಿ,” ಎಂದಳು ಮೆಲಿನಾ.

“ದನ ಏನು ಕುಡೀತವೆ?”

ಮಾರನೆಯ ದಿನ ಅವಳು ಬೇರೆ ಕಾಡಿನ ಗೂಡುಗಳನ್ನು ನೋಡಲು ಹೋಗಬೇಕಿತ್ತು, ವಾರದಲ್ಲಿ ಬರುತ್ತೇನೆಂದಳು. ಅವಳ ಜೀಪಿನ ಧೂಳು ಇಳಿಯುವ ಮೊದಲೇ ಎಲ್ಪೀದಿಯೊ ಗ್ರೀಸು ಡಬ್ಬ ಸೊಂಟಕ್ಕೆ ಕಟ್ಟಿ ಏಣಿ ಹತ್ತಿದ. ಎದುರಾಳಿಯ ಬಾಯಿ ಮುಚ್ಚಿದರೆ ಇವನ ಕಣ್ಣು ಹೆಣ್ಣಿನ ಮೇಲೆ ಬಿದ್ದೀತು ಎಂಬುದು ಅವನ ಲೆಕ್ಕ. ನನಗೂ ಸರಿಯೆನಿಸಿತು. ಕೆಳಗೆ ನಿಂತು ಏಣಿ ಹಿಡಿದುಕೊಂಡವಳು ನಾನೇ. ಅಂಗುಲ ಅಂಗುಲಕ್ಕೂ ಮೆತ್ತಿದ. ಇಳಿದು ಬಂದಾಗ ಯಂತ್ರ ಎಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ತೊಟ್ಟಿಗೆ ಬೀಳುವ ನೀರಿನ ಸದ್ದು ಕೇಳಿಸಿತು.

ಹಕ್ಕಿ ಕತ್ತು ಓರೆ ಮಾಡಿ ಕಾಯಿತು. ಸಂಜೆಯವರೆಗೂ ಕಾಯಿತು. ಹಾಡಲಿಲ್ಲ.

ಅದು ಮತ್ತೆ ಹಾಡಲೇ ಇಲ್ಲ. ಮೂರನೆಯ ದಿನದಿಂದ ಬೇಲಿಗೂಟ ಖಾಲಿಯಾಯಿತು. ಐದನೆಯ ದಿನ ದಕ್ಷಿಣದ ಚಳಿಗಾಳಿ ಧೂಳು ಹೊತ್ತು ತಂದಾಗ ಪಯಾದೋರ್ ಯಂತ್ರ ಬಿಟ್ಟು ಸೂರಿಗೆ ಬಂದು, ಪಂಜರ ತೂಗುಹಾಕುತ್ತಿದ್ದ ಆ ಖಾಲಿ ಮೊಳೆಯನ್ನು ಹಿಡಿದು ತೂಗಾಡುತ್ತ ನಿಂತಿತು, ಗರಿಯುಬ್ಬಿಸಿಕೊಂಡು. ಓಡಿಸಿದ. ಮತ್ತೆ ಬಂತು. ಮೆಲಿನಾ ಓಡಿಸಿ ಎಂದೇ ಹೇಳಿದ್ದಳು; ಎರಡು ದಿನ ಟೋಪಿ ಬೀಸಿ ಓಡಿಸಿದ. ಅದು ಮೊಳೆಗೇ ಬಂತು. ಏಳನೆಯ ದಿನ ಕೊಟ್ಟಿಗೆಯಿಂದ ಹಳೆಯ ಪಂಜರ ತಂದು ನೆಲದ ಮೇಲಿಟ್ಟ, ಬಾಗಿಲು ತೆರೆದು. ಕಾಳು ಹಾಕಲಿಲ್ಲ, ನೀರಿಡಲಿಲ್ಲ. ಹಕ್ಕಿ ಇಳಿದು ಬಂದು ಒಳಗೆ ಹೋಗಿ ತನ್ನ ಕೋಲಿನ ಮೇಲೆ ಕೂತಿತು. ಬಾಗಿಲು ಹಾಕದೆಯೇ ಅವನು ಪಂಜರವನ್ನು ಮೊಳೆಗೆ ಏರಿಸಿದ.

ಈ ಸಲ ಅವನು ನನಗೆ ಹೇಳಿ ಕಳಿಸಿದ ಸಾಮಾನಿನಲ್ಲಿ ಎರಡು ಲೀಟರ್ ಸೀಮೆಎಣ್ಣೆಯೂ ಇತ್ತು.

“ದೀಪಕ್ಕಾ ಕೊಂಪಾದ್ರೆ? ಬಿಸಿಲಿನ ದೀಪ ಹಾಕ್ಸಿಕೊಂಡಿದೀರಲ್ಲ.”

“ದೀಪಕ್ಕಲ್ಲ,” ಎಂದ. ಡಬ್ಬಿಯನ್ನು ಗೋಡೆಯ ಬದಿಗಿಟ್ಟ.

ಸ್ವಲ್ಪ ಹೊತ್ತಿಗೆ ಮೆಲಿನಾ ಬಂದಳು. ಜೀಪಿನಿಂದ ಇಳಿದವಳು ಮೊಳೆಯಲ್ಲಿ ತೂಗುತ್ತಿದ್ದ ಪಂಜರ ನೋಡಿ ಅಲ್ಲೇ ನಿಂತಳು. ಅವನು ಸ್ಟೂಲು ಎಳೆದು ಹಾಕಿ ಸೋರೆಬುರುಡೆ ತುಂಬಿಸಿ ಅವಳಿಗೆ ಕೊಟ್ಟ. ಆಮೇಲೆ ನನಗೆ ಕೊಟ್ಟ, ಆಮೇಲೆ ತಾನು ಹೀರಿದ. ಎರಡನೆಯ ಸುತ್ತಿಗೆ ಅವಳೇ ಕೆಟಲ್ ತೆಗೆದುಕೊಂಡಳು.

“ಯಾವಾಗ ಒಳಗೆ ಹೋಯ್ತು?”

“ಮೊನ್ನೆ. ಬಾಗ್ಲು ಈಗ್ಲೂ ತೆಗೆದೇ ಇದೆ, ನೋಡು.”

ನೋಡಿದಳು. ಬಾಗಿಲು ಗಾಳಿಗೆ ಆಡುತ್ತಿತ್ತು. ಹಕ್ಕಿ ಕದಲಲಿಲ್ಲ.

“ಹೆಣ್ಣು?”

ಅವನು ಗದ್ದದಿಂದ ತೋರಿಸಿದ. ಮುಳ್ಳುಪೊದೆಯ ಕಡೆ ಅವಳು ಹಾರುತ್ತಿದ್ದಳು, ಕೊಕ್ಕಿನಲ್ಲಿ ಒಂದು ಎಳೆ ಕುದುರೆಕೂದಲು. ಹಿಂದೆಯೇ ಬೂದು ಬಣ್ಣದ ದಿಯುಕಾ. ಪೊದೆಯ ಬುಡದಲ್ಲಿ ಹೋದ ವರ್ಷದ ಮರಿಗಳಲ್ಲೊಂದು, ಅರ್ಧ ಜುಟ್ಟಿನದು, ಯಾವ ಕಡೆಯದೂ ಅಲ್ಲದ ಒಂದು ದನಿಯಲ್ಲಿ ಕೂಗಿ ಸುಮ್ಮನಾಯಿತು.

ಮೆಲಿನಾ ಬುರುಡೆ ತುಂಬಿ ಅವನಿಗೆ ಕೊಟ್ಟಳು. ಬೇಗಬೇಗ ಮಾತಾಡಿದಳು.

“ದೊನ್ ಎಲ್ಪೀದಿಯೊ, ಒಂದು ಸಲ ಆಗ್ಲಿಲ್ಲ ಅಂದ್ರೆ ಮುಗೀತು ಅಂತ ಅಲ್ಲ. ತಪ್ಪು ನಂದೂ ಇದೆ, ಯಂತ್ರದಿಂದ ದೂರ ಬಿಡ್ಬೇಕಿತ್ತು. ದಕ್ಷಿಣದ ಕಾಡಲ್ಲಿ ಪೊಲೀಸರು ಕಳ್ಳರಿಂದ ಕಿತ್ಕೊಂಡ ಎರಡು ಗಂಡು ಕೇಂದ್ರಕ್ಕೆ ಬಂದಿದಾವೆ, ಎಳ್ಯವು. ಹಾಡು ಬೇರೆ, ನಿಜ. ಆದ್ರೆ ಇವನ ಪಕ್ಕ ಇಟ್ರೆ ಕಲಿತ್ರೂ ಕಲೀಬಹುದು. ಮುಂದಿನ ಅಕ್ಟೋಬರ್‌ಗೆ…”

ಎಲ್ಪೀದಿಯೊ ಕೊಳವೆ ಗೊರಗುಟ್ಟುವವರೆಗೆ ಹೀರಿದ. ಬುರುಡೆಯನ್ನು ಎರಡೂ ಕೈಯಿಂದ ಅವಳಿಗೆ ಹಿಂದಕ್ಕೆ ಕೊಟ್ಟ.

“ಉಪಕಾರ ಆಯ್ತು ಮಗಳೇ,” ಎಂದ.

ಎದ್ದು ಗೋಡೆಯ ಬದಿಯ ಸೀಮೆಎಣ್ಣೆ ಡಬ್ಬಿ ತೆಗೆದುಕೊಂಡ. ಮೊಳೆಯ ಪಕ್ಕ ನೇತುಹಾಕಿದ್ದ ತಂತಿಬ್ರಷ್ಷನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹಳೆಯ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಹಚ್ಚಿದ ಗ್ರೀಸು ತೊಳೆದು ತೆಗೆಯಲು ನಮ್ಮಲ್ಲಿ ಸೀಮೆಎಣ್ಣೆಯಲ್ಲದೆ ಬೇರೇನನ್ನೂ ಬಳಸುವುದಿಲ್ಲ.

“ಮುಂದಿನ ಅಕ್ಟೋಬರ್‌ಗೆ ಆ ಹೆಣ್ಣು ಇರ್ತದೋ ಇಲ್ವೋ ಗೊತ್ತಿಲ್ಲ,” ಎಂದು ಮೆಲಿನಾ ಹೇಳುತ್ತಿದ್ದಳು, “ಆದ್ರೆ ಪಶ್ಚಿಮದ ಕಡೆ ಇನ್ನೊಂದು ನೋಡಿದೀವಿ ಅಂತ ಯಾರೋ ಹೇಳಿದಾರೆ, ಅದನ್ನ ಹುಡುಕಿ…”

ಅವನು ಅಂಗಳ ದಾಟಿ, ಸದ್ದಿಲ್ಲದೆ ತಿರುಗುವ ಯಂತ್ರದ ಏಣಿಯ ಕಡೆ, ಮಂಡಿಯನ್ನು ಸ್ವಲ್ಪ ಎಳೆಯುತ್ತ, ನಡೆದು ಹೋದ.